ಮಸೀದಿ ಮುಂದೆ ಕೂತ ಹಸೀನಾ

‘ಹಸೀನಾ’ ನೋಡಿಲ್ಲವಾದರೆ ಒಮ್ಮೆ ಮನೆಯವರೆಲ್ಲ ಕೂತು ನೋಡಿ. ಅಮ್ಮಿ, ಆಪಾ ಮಾತ್ರ ಅಲ್ಲ, ಅಬ್ಬಾ, ಭಾಯಿ ಕೂಡ ಇರಲಿ. 2004ರ ಈ ಕನ್ನಡ ಚಿತ್ರಕ್ಕೆ ಮೂಲ ಬಾನು ಮುಷ್ತಾಕ್ ಅವರ ‘ಕರಿ ನಾಗರಗಳು’ ಕಥೆ. 2025ರಲ್ಲಿ ಅಂತರರಾಷ್ಟ್ರೀಯ ಬೂಕರ್ ಪಡೆದ ‘ಹಾರ್ಟ್ ಲ್ಯಾಂಪ್’ ಸಂಕಲನದಲ್ಲೂ ಆ ಕಥೆ ಇದೆ. ನಿರ್ದೇಶಕ ಗಿರೀಶ ಕಾಸರವಳ್ಳಿ ಸಿನಿಮಾ ಕಲಿತದ್ದು ನಮ್ಮ ಪುಣೆಯ ಫಿಲಂ ಇನ್‌ಸ್ಟಿಟ್ಯೂಟ್‌ನಲ್ಲೇ.

ಆಟೋ ಓಡಿಸುವ ಯಾಕೂಬನಿಗೆ ಗಂಡು ಮಗು ಬೇಕು. ಆಗಿದ್ದೆಲ್ಲ ಹೆಣ್ಣು. ಹೆಂಡತಿ ಮಕ್ಕಳನ್ನು ಬಿಟ್ಟು ಹೊರಟೇಬಿಡುತ್ತಾನೆ. ಹಸೀನಾ ಬೇರೆಯವರ ಮನೆಗೆಲಸ ಮಾಡುತ್ತಾಳೆ, ಮುತವಲ್ಲಿ ಹತ್ತಿರ ಇನ್ಸಾಫ್ ಕೇಳುತ್ತಾಳೆ. ಇವತ್ತು ನಾಳೆ ಅಂತ ಸಾಗಹಾಕಿದಾಗ ಮಕ್ಕಳನ್ನು ಕಟ್ಟಿಕೊಂಡು ಮಸೀದಿ ಮುಂದೆಯೇ ಕೂತುಬಿಡುತ್ತಾಳೆ. ಈ ಪಾತ್ರಕ್ಕೆ ತಾರಾ ಅವರಿಗೆ ಶ್ರೇಷ್ಠ ನಟಿ ರಾಷ್ಟ್ರಪ್ರಶಸ್ತಿ ಬಂತು. ಕುಟುಂಬ ಕಲ್ಯಾಣ ಕುರಿತ ಅತ್ಯುತ್ತಮ ಚಿತ್ರ ಎಂಬ ಪ್ರಶಸ್ತಿಯೂ ಚಿತ್ರಕ್ಕೆ ಸಿಕ್ಕಿತು.

‘ನಮ್ಮ ಮನೆಯ ಮಾತನ್ನು ಬೀದಿಗೆ ತಂದರಲ್ಲ’ ಅಂತ ಕೆಲವರ ಬೇಸರ. ಆ ಬೇಸರದ ಹಿಂದೆ ಭಯವಿದೆ, ನನಗೆ ಗೊತ್ತು. ನಮ್ಮ ತಪ್ಪು ತೋರಿಸಿ ನಗುವವರು ಹೊರಗೆ ಬೇಕಾದಷ್ಟು ಜನ ಇದ್ದಾರೆ. ಆದರೆ ಹಸೀನಾ ಎಲ್ಲಿಗೆ ಹೋದಳು ನೋಡಿ. ದೀನನ್ನು ಬಿಟ್ಟು ಓಡಲಿಲ್ಲ, ಮಸೀದಿಗೇ ಬಂದಳು. ಕೇಳಿದ್ದು ಭಿಕ್ಷೆಯಲ್ಲ, ತನ್ನ ಹಖ್. ಹೆಂಡತಿ ಮಕ್ಕಳ ಖರ್ಚು ಗಂಡನ ಮೇಲಿದೆ ಅಂತ ಶರೀಅತ್ತೇ ಹೇಳುತ್ತದೆ. ಗಂಡನ ಮೇಲಿನ ದೂರನ್ನು ಪೈಗಂಬರರ ಮುಂದೆಯೇ ವಾದಿಸಿದ ಖೌಲಾ ಅವರ ಪ್ರಸಂಗದಿಂದಲೇ ಕುರ್‌ಆನಿನ 58ನೇ ಸೂರಾಗೆ ‘ಅಲ್ ಮುಜಾದಲಾ’ ಎಂಬ ಹೆಸರು. ಅಲ್ಲಾಹನೇ ಕೇಳಿಸಿಕೊಂಡ ದೂರು ಅದು. ಮುತವಲ್ಲಿಗೆ ಮಾತ್ರ ಕೇಳಿಸುವುದಿಲ್ಲವೇ?

ಒಂದು ತಕರಾರು ನನ್ನದೂ ಇದೆ. ಕಥೆಯ ಹೆಸರಿನಲ್ಲೇ ಮೊಹಲ್ಲಾದ ಹೆಂಗಸರ ಶಾಪ ಬುಸುಗುಡುತ್ತದೆ. ಸಿನಿಮಾ ಆ ಹೆಸರು ಬಿಟ್ಟು ಒಬ್ಬ ಹೆಣ್ಣಿನ ಹೆಸರನ್ನು ಇಟ್ಟುಕೊಂಡಿತು. ಇದರಿಂದ ಹಸೀನಾ ನಮಗೆ ಹತ್ತಿರವಾದಳು, ನಿಜ. ಆದರೆ ಬೀದಿಯ ಸಿಟ್ಟು ಸ್ವಲ್ಪ ತಣ್ಣಗಾಯಿತು. ಹಾಗಾಗಿ ವಿದ್ಯಾರ್ಥಿಗಳಿಗೆ ನನ್ನ ಸಲಹೆ: ಸಿನಿಮಾ ನೋಡಿದ ಮೇಲೆ ಕಥೆಯನ್ನೂ ಓದಿ.

ಆಮೇಲೆ ನಿಮ್ಮನ್ನೇ ಕೇಳಿಕೊಳ್ಳಿ: ಈ ಜುಮ್ಮಾದ ದಿನ ನಮ್ಮ ಮಸೀದಿ ಮುಂದೆ ಒಬ್ಬ ಹಸೀನಾ ಕೂತಿದ್ದರೆ, ನಮಾಜ್ ಮುಗಿಸಿ ಬರುವ ನಾವು ಚಪ್ಪಲಿ ಹುಡುಕುತ್ತೇವಾ, ಅವಳ ಹತ್ತಿರ ನಿಲ್ಲುತ್ತೇವಾ?