ಸಂಪ್ರದಾಯವೋ ಸ್ಪಷ್ಟೋಕ್ತಿಯೋ: ಎರಡು ಜಾಲಚೌಕಟ್ಟುಗಳ ತುಲನೆ

ಜಾಲತಾಣಗಳ ರಚನೆಗೆ ಆಧಾರವಾದ ಚೌಕಟ್ಟುಗಳನ್ನು ವೇಗದಿಂದಲೋ ಜನಪ್ರಿಯತೆಯಿಂದಲೋ ಅಳೆಯುವುದು ವಾಡಿಕೆ. ಈ ಅಳತೆ ಸಾಲದು. ಬರೆದವನು ಬಿಟ್ಟುಹೋದ ಮೇಲೆ ಅವನ ರಚನೆಯನ್ನು ಮತ್ತೊಬ್ಬನು ಓದಿ ಮುಂದುವರಿಸಬಲ್ಲನೆ ಎಂಬುದೇ ಮುಖ್ಯ ಪ್ರಶ್ನೆ. ವಿದ್ಯಾರ್ಥಿಗಳು ಬಂದು ಹೋಗುತ್ತಲೇ ಇರುವ ವಿಶ್ವವಿದ್ಯಾನಿಲಯದ ವಿಭಾಗವೊಂದು ತನ್ನ ಹಸ್ತಪ್ರತಿಗಳ ಸೂಚಿಯನ್ನು ಜಾಲಕ್ಕೆ ಒಪ್ಪಿಸುವಾಗ, ಆ ಸೂಚಿಯ ಅಳಿವು ಉಳಿವು ಇದನ್ನೇ ಅವಲಂಬಿಸಿರುತ್ತದೆ.

ರೂಬಿ ಆನ್ ರೇಲ್ಸ್ 2004ರಲ್ಲಿ ಹೊರಬಂದಿತು. ಬೇಸ್‌ಕ್ಯಾಂಪ್ ಎಂಬ ತಂತ್ರಾಂಶವನ್ನು ಕಟ್ಟುವಾಗ ಸಿದ್ಧಿಸಿದ ಸಾಮಗ್ರಿಯಿಂದ ಡೇವಿಡ್ ಹೈನೆಮೈಯರ್ ಹ್ಯಾನ್ಸನ್ ಅವರು ಅದನ್ನು ರೂಪಿಸಿದರು. ಜ್ಯಾಂಗೊ ಅಮೆರಿಕದ ಕ್ಯಾನ್ಸಸ್ ಪ್ರಾಂತದ ಲಾರೆನ್ಸ್ ನಗರದ ಪತ್ರಿಕಾಲಯವೊಂದರಲ್ಲಿ ಹುಟ್ಟಿ, 2005ರಲ್ಲಿ ಸಾರ್ವಜನಿಕವಾಯಿತು. ಹುಟ್ಟಿದ ಮನೆಯ ಗುಣ ಎರಡರಲ್ಲಿಯೂ ಉಳಿದಿದೆ.

ಸಂಪ್ರದಾಯವಿರುವಲ್ಲಿ ವಿವರಣೆ ಬೇಡ ಎಂಬುದು ರೇಲ್ಸಿನ ಸಿದ್ಧಾಂತ. ‘ಪರ್ಸನ್’ ಎಂಬ ವರ್ಗವನ್ನು ಬರೆದರೆ, ಅದರ ದತ್ತಾಂಶ ‘ಪೀಪಲ್’ ಎಂಬ ಕೋಷ್ಟಕದಲ್ಲಿದೆಯೆಂದು ಚೌಕಟ್ಟು ತಾನೇ ಊಹಿಸುತ್ತದೆ. ಇಂಗ್ಲಿಷಿನ ಬಹುವಚನ ಪ್ರಕರಣವೇ ಇಲ್ಲಿ ಯಂತ್ರದ ಅಂಗವಾಗಿದೆ. ‘ಕವಿ’ ಎಂಬ ವರ್ಗಕ್ಕೆ ಅದು ‘ಕವಿಸ್’ ಎಂಬ ಕೋಷ್ಟಕವನ್ನು ಹುಡುಕುತ್ತದೆ! ಇದನ್ನು ತಿದ್ದಲು ಮಾರ್ಗವುಂಟು. ಆದರೆ ತಿದ್ದಬೇಕೆಂದು ಮೊದಲು ತಿಳಿದಿರಬೇಕು. ಹೇಳದೆ ಬಿಟ್ಟ ಮಾತು ಸಂಪ್ರದಾಯಜ್ಞನಿಗೆ ಸೌಕರ್ಯ, ಹೊಸಬನಿಗೆ ಒಗಟು.

ಜ್ಯಾಂಗೊ ಹೆಚ್ಚನ್ನು ಬರೆಯಿಸಿಕೊಳ್ಳುತ್ತದೆ. ಯಾವ ವಿಳಾಸಕ್ಕೆ ಯಾವ ಕಾರ್ಯ ಎಂಬುದನ್ನು ಕರ್ತೃವೇ ನಮೂದಿಸಬೇಕು. ಕೋಷ್ಟಕಕ್ಕೆ ವರ್ಗದ ಏಕವಚನದ ಹೆಸರೇ ಸೇರುತ್ತದೆ. ಇಲ್ಲಿಯೂ ದೋಷವಿಲ್ಲದಿಲ್ಲ: ಪರದೆಯ ಮೇಲಿನ ಶೀರ್ಷಿಕೆಗೆ ಅದೇ ಇಂಗ್ಲಿಷ್ ಬಹುವಚನ ಅಂಟಿಕೊಳ್ಳುತ್ತದೆ. ಆದರೆ ಅದು ಮೇಲ್ಮೈಯ ದೋಷ, ಒಂದು ಸಾಲಿನಿಂದ ನೀಗುವಂಥದು.

ಇಷ್ಟರಿಂದ ರೇಲ್ಸ್ ಕೀಳೆಂದು ತೀರ್ಮಾನಿಸುವುದು ಅನ್ಯಾಯ. ಅದನ್ನು ಬಲ್ಲವನು ಅಪರಿಚಿತನ ರಚನೆಯನ್ನು ಹೊಕ್ಕರೂ ಯಾವುದು ಎಲ್ಲಿದೆಯೆಂದು ತಡಕಾಡಬೇಕಾಗಿಲ್ಲ. ಜ್ಯಾಂಗೊದಲ್ಲಿ ರಚನೆಯ ವಿಭಾಗಕ್ರಮ ಬಹುಮಟ್ಟಿಗೆ ಕರ್ತೃವಿನ ವಿವೇಚನೆಗೆ ಬಿಟ್ಟದ್ದು. ವಿವೇಚನೆಯಿಲ್ಲದಲ್ಲಿ ಅದು ಗೊಂದಲವೇ ಸರಿ. ಒಂದೇ ಪರಂಪರೆಯಲ್ಲಿ ಪಳಗಿದ ಸಣ್ಣ ತಂಡವೊಂದು ನಿತ್ಯ ಪರಿವರ್ತನಶೀಲವಾದ ಉದ್ಯಮಕ್ಕೆ ರೇಲ್ಸನ್ನು ಆರಿಸಿದರೆ ಅದು ಉಚಿತವೇ.

ಸೂಚಿಯ ಮಾತು ಬೇರೆ. ಅದನ್ನು ತಿದ್ದುವವರು ತಂತ್ರಜ್ಞರಲ್ಲ, ವಿದ್ವಾಂಸರು. ವರದಿಗಾರರ ನಡುವೆ ಬೆಳೆದ ಜ್ಯಾಂಗೊ, ದತ್ತಾಂಶವನ್ನು ಸೇರಿಸಿ ತಿದ್ದುವ ಪುಟಗಳನ್ನು ತನ್ನೊಡನೆಯೇ ತರುತ್ತದೆ. ರೇಲ್ಸಿನಲ್ಲಿ ಅದಕ್ಕೆ ಸಮನಾದುದನ್ನು ಹೊರಗಿನಿಂದ ಕೂಡಿಸಬೇಕು. ಮುಂದಿನ ಓದುಗನಿಗಾಗಿ ಬರೆದಿಡುವ ಶ್ರಮ ವ್ಯರ್ಥವಲ್ಲವೆಂದು ಒಪ್ಪುವ ವಿಭಾಗಕ್ಕೆ ಜ್ಯಾಂಗೊವೇ ತಕ್ಕುದು.