ಗೇರುಬೀಜದ ಕೋಳಿ ಯಾವ ಊರಿನದು?

ಇಯಾನ್ ಚೆನೀ 2014ರಲ್ಲಿ ಮಾಡಿದ ‘ದಿ ಸರ್ಚ್ ಫಾರ್ ಜನರಲ್ ತ್ಸೊ’ ಎಂಬ ಸಾಕ್ಷ್ಯಚಿತ್ರವನ್ನು ಕಳೆದ ಮಳೆಗಾಲದಲ್ಲಿ ನಮ್ಮ ವಾಚನಾಲಯದಲ್ಲಿ ಪರದೆ ಕಟ್ಟಿ ನೋಡಿದೆವು. ಅಮೆರಿಕದ ಚೀನೀ ಹೋಟೆಲುಗಳಲ್ಲಿ ಸಿಗುವ ಒಂದು ಸಿಹಿಖಾರದ ಕೋಳಿ ಪದಾರ್ಥದ ಮೂಲ ಹುಡುಕುವುದೇ ಅದರ ಕಥೆ. “ಕೋಳಿ ಪದಾರ್ಥಕ್ಕೆ ಇಷ್ಟು ದೊಡ್ಡ ಸಿನಿಮಾವಾ ಮಾರಾಯ್ರೇ?” ಅಂತ ಹಿಂದಿನಿಂದ ಒಬ್ಬರು ಕೇಳಿದರು. ಆದರೆ ಕಡೆಯವರೆಗೂ ಏಳಲಿಲ್ಲ.

ಏಳದಿರಲು ಕಾರಣ ಉಂಟು. 1882ರಲ್ಲಿ ಅಮೆರಿಕ ಚೀನೀ ಕೂಲಿಗಳಿಗೆ ಬಾಗಿಲು ಮುಚ್ಚಿತು. ಆ ಕಾನೂನು ಹೋದದ್ದು 1943ರಲ್ಲಿ. ಒಳಗಿದ್ದವರಿಗೆ ಉಳಿದದ್ದು ಹೆಚ್ಚಾಗಿ ಬಟ್ಟೆ ಒಗೆಯುವ ಕೆಲಸ, ಇಲ್ಲವೇ ಹೋಟೆಲು. ಹೋದ ಊರಿನ ನಾಲಿಗೆಗೆ ತಕ್ಕ ಹಾಗೆ ಬೇಯಿಸಿದರೇ ಹೊಟ್ಟೆಪಾಡು. ಮಿಸೌರಿಯ ಸ್ಪ್ರಿಂಗ್‌ಫೀಲ್ಡ್‌ನಲ್ಲಿ ಡೇವಿಡ್ ಲಿಯಾಂಗ್ 1963ರಲ್ಲಿ ಹೋಟೆಲು ಇಟ್ಟರು. ಅಲ್ಲಿಯವರಿಗೆ ಕರಿದ ಕೋಳಿ ಇಷ್ಟ. ಅವರು ಕೋಳಿ ಕರಿದು, ಮೇಲೆ ಚೀನೀ ಸಾಸಿನ ಗೊಜ್ಜು ಹೊಯ್ದು, ಗೇರುಬೀಜ ಉದುರಿಸಿದರು. ಈಗ ಅದು ಆ ಊರಿನ ಹೆಮ್ಮೆ. ಆದರೆ ಹೋಟೆಲು ತೆರೆಯುವ ಮೊದಲು ಅಲ್ಲಿ ಸಿಡಿಮದ್ದು ಸಿಡಿಸಿದ್ದರು ಎಂಬುದನ್ನೂ ಚಿತ್ರ ಮರೆಸುವುದಿಲ್ಲ. ಅದು ಇದರ ದೊಡ್ಡ ಗುಣ.

ನನ್ನ ತಕರಾರು ಬೇರೆ. ಕೊನೆಗೆ ಕ್ಯಾಮೆರಾ ತೈವಾನಿಗೆ ಹೋಗಿ, ಹುನಾನ್ ಮೂಲದ ಬಾಣಸಿಗ ಪೆಂಗ್ ಚಾಂಗ್‌ಕ್ವೆಯವರ ಎದುರು ನಿಲ್ಲುತ್ತದೆ. ಅವರು 1950ರ ದಶಕದಲ್ಲಿ ಕಟ್ಟಿದ ಪದಾರ್ಥದಲ್ಲಿ ಸಿಹಿ ಇರಲಿಲ್ಲ. ಅಮೆರಿಕದ ರೂಪದ ಪಟ ತೋರಿಸಿದರೆ ಅಜ್ಜ ಒಪ್ಪುವುದಿಲ್ಲ. ಸಭೆ ನಕ್ಕಿತು; ನನಗೆ ನಗು ಬರಲಿಲ್ಲ. ಮೂಲ ಸಿಕ್ಕಿತು ಅಂದ ಕೂಡಲೇ ಉಳಿದದ್ದೆಲ್ಲ ಕೆಟ್ಟ ನಕಲು ಆಗ್ತದಾ? ಅಸಲಿಗೆ ‘ಚೀನೀ ಊಟ’ವೂ ಒಂದಲ್ಲ. ಹುನಾನಿನದ್ದು ಖಾರ, ಗುವಾಂಗ್‌ಡಾಂಗಿನದ್ದು ಸೌಮ್ಯ. ಮೊದಲು ಅಮೆರಿಕಕ್ಕೆ ಹೋದವರಲ್ಲಿ ಹೆಚ್ಚಿನವರು ಗುವಾಂಗ್‌ಡಾಂಗಿನವರು. ಈ ಒಳಭೇದಕ್ಕೆ ಚಿತ್ರ ಇನ್ನಷ್ಟು ಹೊತ್ತು ಕೊಡಬೇಕಿತ್ತು.

ನಾವು ಕಾಸರಗೋಡಿನವರು. ನಮ್ಮ ಮಾತಿನಲ್ಲಿ ತುಳು ಉಂಟು, ಮಲಯಾಳ ಉಂಟು. ಬೆಂಗಳೂರಿನಲ್ಲಿ ಬಾಯಿ ತೆರೆದರೆ “ನಿಮ್ಮದು ಯಾವ ಕನ್ನಡ?” ಅಂತ ಕೇಳುತ್ತಾರೆ. ನಕ್ಕು ಸುಮ್ಮನಾಗುತ್ತಿದ್ದೆ. ಇನ್ನು ಹಾಗಲ್ಲ. ಬದುಕಲಿಕ್ಕೆ ಬೆರೆತದ್ದು ಬೆರಕೆಯಲ್ಲ. ಅದು ಆ ಊರಿನದ್ದೇ ರುಚಿ. ಆದರೆ ಹೊಂದಿಕೊಳ್ಳುವ ಭಾರ ಯಾವಾಗಲೂ ಕಡಿಮೆ ಜನ ಇರುವವರ ಮೇಲೆಯೇ ಯಾಕೆ ಬೀಳ್ತದೆ? ಚಿತ್ರ ಈ ಪ್ರಶ್ನೆಯ ಹೊಸ್ತಿಲವರೆಗೆ ಬಂದು ನಿಂತಿದೆ. ಒಳಗೆ ಹೋಗುವ ಕೆಲಸ ನೋಡಿದವರದ್ದು.