‘ಅವಾಯುವಿಕ’ ಎಂಬ ಪದ ಮತ್ತು ಆಸ್ಪತ್ರೆಯ ಕೀವು

ಕನ್ನಡದ ಜೀವವಿಜ್ಞಾನ ಬರಹಗಳಲ್ಲಿ ‘ಅವಾಯುವಿಕ ಬ್ಯಾಕ್ಟೀರಿಯ’ ಎಂಬ ಮಾತು ರೂಢಿಯಲ್ಲಿದೆ. ಭೌತವಿಜ್ಞಾನ ಕಲಿಸುವ ನನಗೆ ಈ ಪದದ ಬಗ್ಗೆ ತಕರಾರಿದೆ. ವಾಯು ಇಲ್ಲದ ಜಾಗವೆಂದರೆ ವಿದ್ಯಾರ್ಥಿ ತಿಳಿಯುವುದು ನಿರ್ವಾತವೆಂದು. ಈ ಜೀವಿಗಳಿಗೆ ನಿರ್ವಾತ ಬೇಕಿಲ್ಲ. ನೈಟ್ರೊಜನ್, ಕಾರ್ಬನ್ ಡೈಆಕ್ಸೈಡ್‌ಗಳಿದ್ದರೂ ಬೆಳೆಯುತ್ತವೆ. ಒಲ್ಲದ್ದು ಆಕ್ಸಿಜನ್ ಒಂದನ್ನೇ. 1889ರಲ್ಲಿ ಕಿಟಾಸಾಟೊ ಧನುರ್ವಾಯುವಿನ ಬ್ಯಾಕ್ಟೀರಿಯವನ್ನು ಬೇರ್ಪಡಿಸಿ ಬೆಳೆಸಿದ್ದು ಹೈಡ್ರೊಜನ್ ತುಂಬಿದ ಪಾತ್ರೆಯಲ್ಲಿ. (ರೋಗದ ಹೆಸರಿನಲ್ಲಿ ವಾಯು, ಜೀವಿಯ ಹೆಸರಿನಲ್ಲಿ ಅವಾಯು!)

ಉದಾಹರಣೆಗಳೂ ತೆಳು. ಗೋಬರ್ ಗ್ಯಾಸ್ ಹೆಸರಿಸಿ ಪಾಠ ಮುಗಿಸುತ್ತೇವೆ; ಆಸ್ಪತ್ರೆಯ ಮಾತೇ ಬರುವುದಿಲ್ಲ. ತಿಕೋಟಾದ ದ್ರಾಕ್ಷಿ ತೋಟದಲ್ಲೋ ಬಬಲೇಶ್ವರದ ಹೊಲದಲ್ಲೋ ಕಾಲಿಗೆ ಆಳವಾದ ಗಾಯವಾದವರು ವಿಜಯಪುರದ ಆಸ್ಪತ್ರೆಗೆ ಬರುತ್ತಾರೆ. ಮಣ್ಣು, ಸಗಣಿಯಲ್ಲಿರುವ ಕ್ಲಾಸ್ಟ್ರಿಡಿಯಮ್ ಬೀಜಕಗಳು ಅಂಥ ಗಾಯದೊಳಗೆ ಸೇರಬಲ್ಲವು. ಸುತ್ತ ಎಷ್ಟೇ ಗಾಳಿಯಿರಲಿ, ರಕ್ತ ತಲುಪದ ಸತ್ತ ಮಾಂಸಕ್ಕೆ ಆಕ್ಸಿಜನ್ ಸಿಗದು. ವೈದ್ಯರು ಅದನ್ನು ಕತ್ತರಿಸಿ ತೆಗೆಯುವುದಕ್ಕೆ ಇದೂ ಕಾರಣ. ಇನ್ನು ಹೊಟ್ಟೆಯ ಶಸ್ತ್ರಕ್ರಿಯೆಯ ನಂತರ ಕೀವಿನಲ್ಲಿ ಕಾಣುವ ಬ್ಯಾಕ್ಟೆರಾಯ್ಡಿಸ್ ಸಾಮಾನ್ಯವಾಗಿ ರೋಗಿಯ ಕರುಳಿನದೇ.

ಆ ಕೀವನ್ನು ಹತ್ತಿಯ ಕಡ್ಡಿಯಲ್ಲಿ ತೆಗೆದು, ಗಾಳಿಗೆ ಒಡ್ಡಿ, ಸಾಮಾನ್ಯ ಇನ್‌ಕ್ಯುಬೇಟರಿನಲ್ಲಿಟ್ಟರೆ ಇವು ಬೆಳೆಯುವುದಿಲ್ಲ. ವರದಿಯಲ್ಲಿ ‘ಬೆಳವಣಿಗೆ ಇಲ್ಲ’ ಎಂದಿರುತ್ತದೆ. ಅದನ್ನು ‘ಸೋಂಕು ಇಲ್ಲ’ ಎಂದು ಓದುವುದು, ಎಸಿ ತಂತಿಗೆ ಡಿಸಿ ವೋಲ್ಟ್‌ಮೀಟರ್ ಜೋಡಿಸಿ, ಮುಳ್ಳು ಸೊನ್ನೆಯಲ್ಲಿದೆ, ಕರೆಂಟಿಲ್ಲ ಎಂದು ತಂತಿ ಮುಟ್ಟಿದಂತೆ. ಔಷಧದ ಆಯ್ಕೆಯೂ ಇದನ್ನು ಅವಲಂಬಿಸಿದೆ. ಜೆಂಟಾಮೈಸಿನ್ ಜೀವಕೋಶದೊಳಗೆ ಹೋಗಲು ಆಕ್ಸಿಜನ್ ಬಳಸುವ ಉಸಿರಾಟ ನಡೆಯುತ್ತಿರಬೇಕು. ಹಾಗಾಗಿ ಇವುಗಳಿಗೆ ಅದು ನಾಟದು. ಮೆಟ್ರೊನಿಡಜೋಲ್ ನಾಟುತ್ತದೆ.

ಭೌತವಿಜ್ಞಾನದ ತರಗತಿಯೂ ಈ ಗೊಂದಲವನ್ನು ಹೆಚ್ಚಿಸುತ್ತದೆ. ಉರಿಯುವ ಮೋಂಬತ್ತಿಯ ಮೇಲೆ ಗಾಜಿನ ಲೋಟ ಮುಚ್ಚಿ, ಆಕ್ಸಿಜನ್ ಪೂರ್ತಿ ಮುಗಿದದ್ದರಿಂದ ಆರಿತು ಎನ್ನುತ್ತಾರೆ. ನಿಜವಾಗಿ ಶೇಕಡಾ 21ರಷ್ಟಿದ್ದ ಆಕ್ಸಿಜನ್ ಸುಮಾರು 16ಕ್ಕೆ ಇಳಿದಾಗಲೇ ಮೋಂಬತ್ತಿ ಆರುತ್ತದೆ. ಹಾಗಾಗಿ ಪ್ರಯೋಗಾಲಯದ ಮೋಂಬತ್ತಿ ಜಾಡಿ ಕಾರ್ಬನ್ ಡೈಆಕ್ಸೈಡ್ ಬಯಸುವ ಬ್ಯಾಕ್ಟೀರಿಯಕ್ಕೆ ಸರಿ, ಇವಕ್ಕಲ್ಲ. ಇವಕ್ಕೆ ಬೇಕಾದದ್ದು, ಪಲ್ಲೇಡಿಯಮ್ ವೇಗವರ್ಧಕದ ನೆರವಿನಿಂದ ಹೈಡ್ರೊಜನ್ ಉಳಿದ ಆಕ್ಸಿಜನ್ನಿನೊಡನೆ ಸೇರಿ ನೀರಾಗುವ ಮುಚ್ಚಿದ ಜಾಡಿ.

‘ಆಕ್ಸಿಜನ್ ಒಲ್ಲದ ಬ್ಯಾಕ್ಟೀರಿಯ’ ಎಂದರೆ ಪದ ಉದ್ದವಾಯಿತು, ಆದರೆ ಅರ್ಥ ಸರಿಹೋಯಿತು. ಒಂದು ಎಚ್ಚರಿಕೆ ಮಾತ್ರ ಇರಲಿ: ಬೀಜಕಗಳಿಗೆ ಆಕ್ಸಿಜನ್ನಿನ ಭಯವಿಲ್ಲ. ಆ್ಯಂಟಿಬಯೋಟಿಕ್ ಪಡೆದ ರೋಗಿಗಳಲ್ಲಿ ತೀವ್ರ ಭೇದಿ ತರಬಲ್ಲ ಕ್ಲಾಸ್ಟ್ರಿಡಿಯಾಯ್ಡಿಸ್ ಡಿಫಿಸಿಲ್ ಬೀಜಕಗಳಾಗಿ ಒಂದು ಹಾಸಿಗೆಯಿಂದ ಇನ್ನೊಂದಕ್ಕೆ ಸಾಗುತ್ತದೆ. ವಾರ್ಡಿನ ಬಾಗಿಲಲ್ಲಿಟ್ಟ ಆಲ್ಕೊಹಾಲ್ ದ್ರವ ಅವನ್ನು ಕೊಲ್ಲದು. ಸೋಪು ಹಚ್ಚಿ, ಹರಿಯುವ ನೀರಿನಲ್ಲಿ ಕೈ ಉಜ್ಜಿ ತೊಳೆಯಬೇಕು.